ಗುನಿಲ್ಲಾಬಾಯಿಯ ಕಾಡಿಗೆ ಗಾಳಿ ಬಂದ ವಾರ

ಕಿರವತ್ತಿ, ಹೊರಡುವ ಮೊದಲು

ಉಪಗ್ರಹದಿಂದ ತೆಗೆದ ಚಿತ್ರದಲ್ಲಿ ಕಾಡು ಕೆಂಪಗೆ ಕಾಣುತ್ತದೆ. ಎಲೆಗಳು ನಮ್ಮ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕನ್ನು ಮೇಲಕ್ಕೆ ಎಸೆಯುತ್ತವೆ. ಅದಕ್ಕೆ ಕೆಂಪು ಬಣ್ಣ ಕೊಟ್ಟು ಮುದ್ರಿಸುತ್ತಾರೆ, ಅಷ್ಟೇ. ಹುಲೇಕಲ್ಲಿನ ನಮ್ಮ ಮನೆಯ ಜಗಲಿಯಲ್ಲಿ ಮೊದಲ ಸಲ ಅಂಥ ಹಾಳೆ ಬಿಡಿಸಿದಾಗ ಅಪ್ಪ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಇಡೀ ತಾಲೂಕಿಗೆ ಬೆಂಕಿ ಬಿದ್ದದ್ದು ಯಾವಾಗ ಎಂದು ಕೇಳಿದ್ದರು.

ನಾನು ಶಿರಸಿಯ ಕಾಲೇಜೊಂದರಲ್ಲಿ ಭೂಗೋಳ ಕಲಿಸುತ್ತಿದ್ದೆ. ಪಾಠ ಮುಗಿದ ಮೇಲೆ ಈ ಕೆಂಪು ಹಾಳೆಗಳನ್ನು ಹರವಿಕೊಂಡು, ಕಾಡಿನ ಯಾವ ತುಂಡು ಹೋದ ವರ್ಷ ಹೇಗಿತ್ತು, ಈ ವರ್ಷ ಹೇಗಾಗಿದೆ ಎಂದು ಹೋಲಿಸುವುದು ನನ್ನ ಹುಚ್ಚು. ಆ ಹುಚ್ಚಿನಿಂದಲೇ ಮಕ್ಬೂಲ್ ಸಾಹೇಬರ ಪರಿಚಯವಾಯಿತು. ಅವರು ಯಲ್ಲಾಪುರದವರು, ಕಿರವತ್ತಿ ಕಡೆಯ ಸಾಗವಾನಿ ನೆಡುತೋಪುಗಳನ್ನು ನೋಡಿಕೊಳ್ಳುವ ಅರಣ್ಯಾಧಿಕಾರಿ, ನಿವೃತ್ತಿಗೆ ಎರಡು ವರ್ಷವಿತ್ತು. ಒಂದು ಮೇ ತಿಂಗಳಿನಲ್ಲಿ ಅರ್ಧ ಗಂಟೆಯ ಗಾಳಿಗೆ ಅವರ ತೋಪಿನ ಒಂದು ಮೂಲೆಯ ಮರಗಳೆಲ್ಲ ಉರುಳಿದವು. ಪಕ್ಕದ ಮೂಲೆಯಲ್ಲಿ ಒಂದು ಕೊಂಬೆಯೂ ಮುರಿದಿರಲಿಲ್ಲ. ಜನ ಏನೇನೋ ಆಡಿಕೊಂಡರು. ನನ್ನ ಹಾಳೆಗಳಲ್ಲಿ ನೋಡಿದರೆ, ಬಿದ್ದ ಮೂಲೆಗೆ ತಾಗಿಕೊಂಡೇ ಹಿಂದಿನ ವರ್ಷ ವಿದ್ಯುತ್ ತಂತಿಗಾಗಿ ಒಂದು ಪಟ್ಟಿ ಕಾಡು ಕಡಿದಿದ್ದರು. ಅಲ್ಲಿಯವರೆಗೆ ಒಳಗಿದ್ದ ಮರಗಳು ಇದ್ದಕ್ಕಿದ್ದಂತೆ ಗಾಳಿಯ ಎದುರು ನಿಂತಿದ್ದವು. ಸಾಹೇಬರು ಬಿದ್ದ ಪ್ರತಿ ಮರದ ಸುತ್ತಳತೆ, ಬಿದ್ದ ದಿಕ್ಕು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಎರಡನ್ನೂ ಸೇರಿಸಿ ಇಬ್ಬರ ಹೆಸರಿನಲ್ಲಿ ಒಂದು ಲೇಖನ ಬರೆದು ಕಳಿಸಿದೆ.

ಅದನ್ನು ಓದಿದವರಲ್ಲಿ ಸ್ವೀಡನ್ನಿನ ಇಂಗ್ರಿಡ್ ಎಂಬ ವಿಜ್ಞಾನಿಯೂ ಒಬ್ಬರು. ೨೦೦೫ರ ಜನವರಿಯಲ್ಲಿ ಆ ದೇಶದ ದಕ್ಷಿಣ ಭಾಗದ ಕಾಡುಗಳನ್ನು ಬಿರುಗಾಳಿ ಮಲಗಿಸಿಬಿಟ್ಟಿತ್ತು. ಉಳಿದ ಕಾಡಿನಲ್ಲಿ ಮುಂದೆ ಎಲ್ಲಿ ಮರ ಬೀಳಬಹುದು ಎಂದು ಆಕಾಶದಿಂದ ನೋಡಿ ಹೇಳುವ ಕೆಲಸ ಇಂಗ್ರಿಡ್ ಅವರದು. ಅದೇ ವರ್ಷ ಅಕ್ಟೋಬರಿನಲ್ಲಿ ಬಂದು ಆರು ವಾರ ಇದ್ದು ಕಲಿತು ಹೋಗಿ ಎಂದು ಇಬ್ಬರನ್ನೂ ಕರೆದರು.

ಸಿದ್ದಾಪುರದಲ್ಲಿರುವ ನನ್ನ ಅಕ್ಕ ಫೋನಿನಲ್ಲಿ ನಕ್ಕಳು. "ಮರ ಬಿದ್ದದ್ದ ನೋಡಲೆ ಅಷ್ಟು ದೂರ ಎಂತಕ್ಕೆ? ನಮ್ಮಲ್ಲಿ ಮರ ಬೀಳ್ತಿಲ್ಲೆಯ?"

ರನ್‌ವೇ ಮೇಲಿನ ಮರದ ರಾಶಿ

ಸ್ವೀಡನ್ನಿನಲ್ಲಿ ನಮಗೆ ಮೊದಲು ತೋರಿಸಿದ್ದೇ ಬಳಕೆಯಲ್ಲಿಲ್ಲದ ಒಂದು ವಿಮಾನ ನಿಲ್ದಾಣ. ರನ್‌ವೇ ಉದ್ದಕ್ಕೂ ಎರಡಾಳೆತ್ತರ ಮೀರಿ ಮರದ ದಿಮ್ಮಿಗಳನ್ನು ಪೇರಿಸಿಟ್ಟಿದ್ದರು. ಕಾರಿನಲ್ಲಿ ಎಷ್ಟು ಹೊತ್ತು ಹೋದರೂ ರಾಶಿ ಮುಗಿಯಲೊಲ್ಲದು. ಎಲ್ಲ ಆ ಒಂದೇ ಗಾಳಿಗೆ ಬಿದ್ದ ಮರ. ಅದಕ್ಕಿಂತ ಹೆಚ್ಚು ಬೆರಗಾದದ್ದು ರಾಶಿಯ ಮೇಲೆ ತುಂತುರು ನೀರು ಸುತ್ತುತ್ತಿದ್ದುದನ್ನು ಕಂಡು. ನಮ್ಮ ಅಡಿಕೆ ತೋಟಕ್ಕೆ ಬೇಸಿಗೆಯಲ್ಲಿ ಬಿಡುವಂಥದ್ದೇ ಸ್ಪ್ರಿಂಕ್ಲರ್. ಒಣಗಿದರೆ ಹುಳು ಹತ್ತುತ್ತದೆ, ಮರ ಸೀಳುತ್ತದೆ, ಅದಕ್ಕೇ ನೀರು ಎಂದರು ಇಂಗ್ರಿಡ್.

ಸಾಹೇಬರು ಮೂವತ್ತು ವರ್ಷ ಡಿಪೋಗಳಲ್ಲಿ ಮರ ಒಣಗಿಸಲು ಒದ್ದಾಡಿದವರು. ಅವರು ಟೋಪಿ ತೆಗೆದು ಆ ರಾಶಿಯ ಎದುರು ನಿಂತರು. ಆಮೇಲೆ ಹತ್ತಿರ ಹೋಗಿ ಒಂದು ದಿಮ್ಮಿಯ ಬುಡದಲ್ಲಿ ವರ್ಷಕ್ಕೊಂದರಂತೆ ಮೂಡಿದ ಬಳೆಗಳನ್ನು ಬೆರಳಿನಿಂದ ಎಣಿಸತೊಡಗಿದರು. ಅವರು ಎಣಿಸಿ ಮುಗಿಸುವವರೆಗೆ ಕೊರೆಯುವ ಚಳಿಯಲ್ಲಿ ನಾವೆಲ್ಲ ಕಾದೆವು. ಅರವತ್ತೆಂಟು ಬಂತು.

ಆಗ ರಂಜಾನ್ ತಿಂಗಳು. ಸಾಹೇಬರು ರೋಜಾ ಹಿಡಿದಿದ್ದರು. ಅಲ್ಲಿ ಹಗಲು ದಿನದಿಂದ ದಿನಕ್ಕೆ ಕುಗ್ಗುತ್ತ ಬರುತ್ತದೆ, ಉಪವಾಸ ಬಿಡುವ ಹೊತ್ತು ಬೇಗ ಬೇಗ ಬರುತ್ತಿತ್ತು. ಯಲ್ಲಾಪುರದಲ್ಲಿ ಮನೆಯವರು ಇದಕ್ಕಿಂತ ಹೆಚ್ಚು ಹೊತ್ತು ಉಪವಾಸವಿರುತ್ತಾರೆ, ನಾನಿಲ್ಲಿ ಕದ್ದು ಉಂಡಂತಾಗುತ್ತದೆ ಎಂದು ಅವರು ಮೊದಲೆರಡು ದಿನ ಸಂಕೋಚ ಪಟ್ಟುಕೊಂಡರು. ಊಟದಲ್ಲಿ ನನ್ನ ಪಾಡು ಬೇರೆ. ಮಾಂಸ ತಿನ್ನುವುದಿಲ್ಲ ಎಂದು ಹೇಳಿದ್ದಕ್ಕೆ ಮೀನು ತಂದಿಟ್ಟರು. ಮೀನು ಅವರ ಲೆಕ್ಕದಲ್ಲಿ ಮಾಂಸವಲ್ಲವಂತೆ. ನಮ್ಮ ಕರಾವಳಿಯ ಗೆಳತಿಯೊಬ್ಬಳು ಹಾಸ್ಟೆಲಿನಲ್ಲಿ ಇದೇ ವಾದ ಮಾಡುತ್ತಿದ್ದಳು. ಆದರೆ ಕಾಫಿಯ ಜೊತೆ ಕೊಟ್ಟ ಸಿಹಿ ಬನ್ನನ್ನು ಕಚ್ಚಿದ ಕ್ಷಣ ನಾನು ಬೆಚ್ಚಿದೆ. ಅದರ ತುಂಬ ಏಲಕ್ಕಿ. ನಮ್ಮ ತೋಟದ ಅಂಚಿನಲ್ಲಿ ಬೆಳೆಯುವ ಏಲಕ್ಕಿಯನ್ನು ಹಬ್ಬಕ್ಕೆಂದು ನಾವು ಡಬ್ಬಿಯಲ್ಲಿಟ್ಟು ಎರಡೆರಡು ಕಾಳು ತೆಗೆಯುತ್ತೇವೆ. ಇವರು ದಿನಾ ಮಧ್ಯಾಹ್ನ ಬ್ರೆಡ್ಡಿಗೆ ಹಾಕುತ್ತಾರೆ.

ಆಕಾಶದಲ್ಲಿ

ಎರಡನೆಯ ವಾರ ನನಗೆ ಪುಟ್ಟ ವಿಮಾನದಲ್ಲಿ ಕೂರುವ ಯೋಗ ಬಂತು. ಪೈಲಟ್, ಯಂತ್ರ ನೋಡುವವನೊಬ್ಬ, ನಾನು. ವಿಮಾನದ ಹೊಟ್ಟೆಯಲ್ಲಿ ಲೇಸರ್ ಯಂತ್ರವಿತ್ತು. ಅದು ಕೆಳಕ್ಕೆ ಕಿರಣಗಳನ್ನು ಬಿಡುತ್ತ ಹೋಗುತ್ತದೆ. ಕೆಲವು ಮರದ ತುದಿಗೆ ತಾಗಿ ವಾಪಸು ಬರುತ್ತವೆ, ಕೆಲವು ಎಲೆಗಳ ಸಂದಿಯಿಂದ ನುಸುಳಿ ನೆಲಕ್ಕೆ ತಾಗಿ ಬರುತ್ತವೆ. ಎರಡರ ನಡುವಿನ ವ್ಯತ್ಯಾಸವೇ ಮರದ ಎತ್ತರ. ಯಾರೂ ಕಾಡಿಗೆ ಕಾಲಿಡದೆ ಸಾವಿರಾರು ಮರಗಳನ್ನು ಅಳೆದು ಮುಗಿಸಬಹುದು.

ಇದನ್ನೆಲ್ಲ ನಾನು ಓದಿದ್ದೆ. ಆದರೆ ಮೇಲೆ ಹೋಗಿ ನೋಡಿದಾಗ ಓದಿದ್ದೆಲ್ಲ ಮರೆತುಹೋಯಿತು. ಕೆಳಗೆ ಸೂಜಿಯೆಲೆಯ ಸ್ಪ್ರೂಸ್ ಮರಗಳ ಕಡು ಹಸಿರು, ನಡುನಡುವೆ ಕೆರೆಗಳು. ಆ ಹಸಿರಿನಲ್ಲಿ ಅಲ್ಲಲ್ಲಿ ಬೋಳು ಪಟ್ಟಿಗಳು, ಎಲ್ಲ ಒಂದೇ ದಿಕ್ಕಿಗೆ ಎಳೆದಂತೆ. ಕಾರ್ತಿಕದ ಅಕಾಲ ಮಳೆಗೆ ನಮ್ಮ ಗದ್ದೆಗಳಲ್ಲಿ ಭತ್ತದ ಪೈರು ಮಲಗುವುದು ಹೀಗೇ. ಪೈಲಟ್ ಬೇಕೆಂದೇ ಒಮ್ಮೆ ಓರೆಯಾಗಿ ತಿರುಗಿಸಿದ. ನಾನು ಸೀಟಿನ ಅಂಚು ಹಿಡಿದುಕೊಂಡೆ. ಆದರೂ ಕಿಟಕಿಯಿಂದ ಮುಖ ತೆಗೆಯಲಿಲ್ಲ. ಇಷ್ಟು ವರ್ಷ ಕಾಗದದ ಮೇಲೆ ಹುಡುಕುತ್ತಿದ್ದದ್ದು ಇಡೀ ಒಂದು ನಾಡಿನಷ್ಟು ಅಗಲಕ್ಕೆ ಕೆಳಗೆ ಹಾಸಿತ್ತು. ಇಳಿದ ಮೇಲೆ ಸಾಹೇಬರಿಗೆ ಒಂದೇ ಉಸಿರಿನಲ್ಲಿ ವರದಿ ಒಪ್ಪಿಸಿದೆ. ಅವರು ಎಲ್ಲವನ್ನೂ ಕೇಳಿ, ಮೇಲಿನಿಂದ ಬೇರು ಕಂಡಿತೇ ಎಂದು ಕೇಳಿದರು.

ಗುನಿಲ್ಲಾಬಾಯಿಯ ಮನೆ

ಮೂರನೆಯ ವಾರ ಇಂಗ್ರಿಡ್ ನಮಗೊಂದು ನಿಜವಾದ ಕೆಲಸ ಕೊಟ್ಟರು. ಗುನಿಲ್ಲಾ ಎಂಬ ಹೆಂಗಸಿನ ಕಾಡಿಗೆ ಅಪಾಯದ ನಕ್ಷೆ ಮಾಡಿಕೊಡಬೇಕು. ಅಲ್ಲಿ ಕಾಡು ಬಹುಪಾಲು ಸರಕಾರದ್ದಲ್ಲ, ಮನೆತನಗಳದ್ದು. ನಮಗೆ ತೋಟವಿದ್ದಂತೆ ಅವರಿಗೆ ಕಾಡು. ಗುನಿಲ್ಲಾ ಅವರಿಗೆ ಐವತ್ತೈದು ದಾಟಿರಬೇಕು. ಶಾಲಾ ಬಸ್ಸು ಓಡಿಸುತ್ತಿದ್ದರು. ಜನವರಿಯ ಗಾಳಿ ಅವರ ಕಾಡಿನ ಮುಕ್ಕಾಲು ಪಾಲನ್ನು ಕೆಡವಿತ್ತು. ಉಳಿದದ್ದು ಅವರ ತಂದೆ ನೆಟ್ಟಿದ್ದ ಒಂದೇ ಒಂದು ಸ್ಪ್ರೂಸ್ ತೋಪು.

ಆ ದೇಶದಲ್ಲಿ ಎಲ್ಲರೂ ಎಲ್ಲರನ್ನೂ ಬರೀ ಹೆಸರು ಹಿಡಿದು ಕರೆಯುತ್ತಾರೆ, ಪ್ರೊಫೆಸರನ್ನೂ ಕೂಡ. ನನಗೆ ಹೇಗೋ ರೂಢಿಯಾಯಿತು. ಸಾಹೇಬರ ನಾಲಿಗೆ ಮಾತ್ರ ಕೊನೆಯವರೆಗೂ ಏಳಲಿಲ್ಲ. ಬಾಗಿಲಲ್ಲಿ ನಮ್ಮ ಊರಿನ ಹಾಗೇ ಶೂ ಕಳಚಿಟ್ಟು ಒಳಗೆ ಹೋದವರೇ ಆ ಹೆಂಗಸನ್ನು "ಗುನಿಲ್ಲಾಬಾಯಿ" ಎಂದು ಕರೆದುಬಿಟ್ಟರು. ಅವರು ಅರ್ಥ ಕೇಳಿದರು. ಮರ್ಯಾದೆಯ ಮಾತು ಎಂದೆ. ಅವರಿಗೆ ಅದು ಹಿಡಿಸಿತು. ಅಂದಿನಿಂದ ನನಗೂ ಅವರು ಗುನಿಲ್ಲಾಬಾಯಿಯೇ.

ಅವರು ನಗುವ ಜಾತಿಯವರಲ್ಲ. ಅಡುಗೆಮನೆಯ ಕಿಟಕಿಯಿಂದ ಉರುಳಿದ ಕಾಡಿನ ಬುಡಗಳು ಕಾಣುತ್ತಿದ್ದವು. ಅವರು ಕಿಟಕಿಗೆ ಬೆನ್ನು ಹಾಕಿಯೇ ಕೂರುತ್ತಿದ್ದರು. ವಿಷಯ ಇಷ್ಟೇ: ಮರ ಕಡಿಯುವ ದೊಡ್ಡ ಯಂತ್ರ ಮುಂದಿನ ಸೋಮವಾರ ಬರಲಿತ್ತು. ತೋಪಿನ ಯಾವ ಭಾಗ ಕಡಿಸಬೇಕು, ಯಾವುದು ಉಳಿಸಬೇಕು ಎಂದು ಅಷ್ಟರೊಳಗೆ ಹೇಳಬೇಕು. ತಪ್ಪಿದರೆ ಅವರ ಅಪ್ಪ ನೆಟ್ಟದ್ದರಲ್ಲಿ ಏನೂ ಉಳಿಯುವುದಿಲ್ಲ.

ನನ್ನ ನಕ್ಷೆ ಎರಡೇ ದಿನದಲ್ಲಿ ತಯಾರಾಯಿತು. ಲೇಸರ್ ಕೊಟ್ಟ ಎತ್ತರ, ಗಾಳಿ ಬರುವ ದಿಕ್ಕು, ತೋಪಿನ ಅಂಚುಗಳು, ಎಲ್ಲವನ್ನೂ ಕಂಪ್ಯೂಟರಿಗೆ ಉಣಿಸಿದೆ. ಬಿರುಗಾಳಿ ಅಲ್ಲಿ ಪಶ್ಚಿಮದಿಂದ ಬರುತ್ತದೆ. ಪಶ್ಚಿಮದ ಅಂಚಿನಲ್ಲಿ ಎತ್ತರದ ಮರಗಳಿದ್ದವು. ಅಂಚು ಪೂರ್ತಿ ಕಡು ಕೆಂಪಾಗಿ ಬಂತು. ಉತ್ತರದ ಕಡೆ ಹಳದಿ, ಉಳಿದದ್ದು ಹಸಿರು. ಕೆಂಪಗಿರುವುದನ್ನು ಬೀಳುವ ಮೊದಲೇ ಕಡಿಯುವುದು ಲೇಸು ಎಂಬುದು ಅದರ ಅರ್ಥ. ಅಷ್ಟು ಚೆಂದದ ನಕ್ಷೆಯನ್ನು ನಾನು ಅದುವರೆಗೆ ಮಾಡಿರಲಿಲ್ಲ. ಗೋಡೆಗೆ ಅಂಟಿಸಿ ದೂರ ನಿಂತು ನೋಡಿದೆ.

ಜಗಳ

ನಾನು ಕಂಪ್ಯೂಟರಿನ ಎದುರಿದ್ದ ಆ ಎರಡು ದಿನ ಸಾಹೇಬರು ಕಾಡಿನಲ್ಲಿದ್ದರು. ಬೇಟೆಯ ಕಾಲವಾದ್ದರಿಂದ ಕಿತ್ತಳೆ ಬಣ್ಣದ ಟೋಪಿ ಹಾಕದೆ ಹೋಗಕೂಡದು ಎಂದು ಗುನಿಲ್ಲಾಬಾಯಿ ಕೊಟ್ಟಿದ್ದ ಟೋಪಿಯನ್ನೇ ಅವರು ನಮಾಜಿಗೂ ತೊಟ್ಟರು. ಕಾಡಿನ ಅಂಚಿಗೆ ಏಣಿಯಿದ್ದ ಮರದ ಅಟ್ಟಗಳಿದ್ದವು. ಹಂದಿ ಕಾಯಲು ನಮ್ಮ ಗದ್ದೆಗಳಲ್ಲಿ ಕಟ್ಟುವ ಮಾಳದಂತೆಯೇ. ಅವರದು ಬೇಟೆಗಾರರು ಕೂರುವ ಅಟ್ಟ. ಸಾಹೇಬರು ಅದನ್ನು ಹತ್ತಿ ಕೂತು ಪೂರ್ತಿ ಒಂದು ಮಧ್ಯಾಹ್ನ ಮರಗಳು ಗಾಳಿಗೆ ಹೇಗೆ ಓಲಾಡುತ್ತವೆ ಎಂದು ನೋಡಿದ್ದರಂತೆ.

ನನ್ನ ನಕ್ಷೆಯನ್ನು ನೋಡಿ ಅವರು ತಲೆ ಅಲ್ಲಾಡಿಸಿದರು. ಪಶ್ಚಿಮದ ಅಂಚು ಬೀಳುವುದಿಲ್ಲ ಎಂದರು. ಅಳತೆ ಹೇಳುತ್ತದೆಯಲ್ಲ ಎಂದೆ. ಅಳತೆ ಎತ್ತರ ಹೇಳುತ್ತದೆ, ಮರವನ್ನು ಹೇಳುವುದಿಲ್ಲ ಎಂದರು. ನನಗೆ ಸಿಟ್ಟು ಬಂತು. ಹಾಗಾದರೆ ನಾವಿಬ್ಬರೂ ಇಷ್ಟು ದೂರ ಯಾಕೆ ಬಂದದ್ದು, ಕಿರವತ್ತಿಯಲ್ಲೇ ಮರ ತಟ್ಟಿ ನೋಡುತ್ತ ಇರಬಹುದಿತ್ತು ಎಂದುಬಿಟ್ಟೆ. ಹಿರಿಯರಿಗೆ ಹಾಗೆ ಹೇಳಬಾರದಿತ್ತು. ಅವರು ಬೇಸರ ತೋರಿಸದೆ, ನಾಳೆ ಬೆಳಿಗ್ಗೆ ಒಂದು ಗಂಟೆಯ ಮಟ್ಟಿಗೆ ನನ್ನ ಜೊತೆ ಬನ್ನಿ ಎಂದರು.

ಹೋದೆ. ಪಶ್ಚಿಮದ ಅಂಚಿಗೆ ತಾಗಿ ಹಳೆಯ ಹುಲ್ಲುಗಾವಲು, ನಡುವೆ ಗೋಡೆಯಂತೆ ಒಂದು ಕಲ್ಲಿನ ಪಾಗಾರ. ಅಲ್ಲಿನ ಮರಗಳ ಬುಡ ತಬ್ಬಿದರೆ ಕೈ ಕೂಡುತ್ತಿರಲಿಲ್ಲ. ಕೊಂಬೆಗಳು ನೆಲದವರೆಗೂ ಇಳಿದು ಗುಡಿಸುತ್ತಿದ್ದವು. ಬೇರುಗಳು ಪಾಗಾರದ ಕಲ್ಲುಗಳನ್ನೇ ಕಚ್ಚಿ ಹಿಡಿದಿದ್ದವು.

"ಅಕ್ಕೋರೆ, ಇವು ಹುಟ್ಟಿದಾಗಿಂದ ಗಾಳಿ ಉಂಡು ಬೆಳದಾವ್ರಿ," ಎಂದರು ಸಾಹೇಬರು. "ಇವನ್ನ ಕಡದ್ರೆ ಒಳಗಿನವು ಬೆತ್ತಲಾಗ್ತಾವ. ನಮ್ಮ ಕಿರವತ್ತ್ಯಾಗ ಆದದ್ದು ಅದಾ ಅಲ್ಲೇನ್ರಿ?"

ಉತ್ತರದ ಕಡೆಗೆ ಕರೆದುಕೊಂಡು ಹೋದರು. ಅಲ್ಲಿ ಪಕ್ಕದವರ ಕಾಡು ಜನವರಿಯಲ್ಲಿ ಬಿದ್ದುಹೋಗಿತ್ತು. ಅದರ ಮರೆಯಲ್ಲಿ ಬೆಳೆದಿದ್ದ ಮರಗಳು ಈಗ ಬಯಲಿಗೆ ಮುಖ ಮಾಡಿ ನಿಂತಿದ್ದವು. ಸಪೂರ ಕಾಂಡ, ತುದಿಯಲ್ಲಷ್ಟೇ ಒಂದು ಹಿಡಿ ಹಸಿರು. ಒಂದು ಮರಕ್ಕೆ ಸಾಹೇಬರು ಭುಜ ಕೊಟ್ಟು ನೂಕಿದಾಗ ನನ್ನ ಕಾಲಡಿಯ ನೆಲ ಮೆಲ್ಲಗೆ ಎದ್ದು ಕೂತಿತು, ಬೇರಿಗೆ ಹಿಡಿತವೇ ಇರಲಿಲ್ಲ. ಆ ಪಾಚಿಯ ನೆಲ ಉಸಿರಾಡಿದಂತೆ ಎದ್ದದ್ದು ಇವತ್ತಿಗೂ ನನ್ನ ಅಂಗಾಲಿಗೆ ನೆನಪಿದೆ.

ನಾನು ಇಂಗ್ರಿಡ್ ಅವರ ಕಚೇರಿಗೆ ಓಡಿದೆ. ಲೇಸರ್ ಕಿರಣಗಳು ಮರದ ಯಾವ ಯಾವ ಎತ್ತರದಿಂದ ಮರಳಿವೆ ಎಂಬುದನ್ನು ಬಿಡಿಸಿ ನೋಡಿದೆ. ಪಶ್ಚಿಮದ ಅಂಚಿನಲ್ಲಿ ತುದಿಯಿಂದ ಬುಡದವರೆಗೂ ಒತ್ತೊತ್ತಾಗಿ ಚುಕ್ಕೆಗಳಿದ್ದವು. ಉತ್ತರದಲ್ಲಿ ತುದಿಯಲ್ಲಷ್ಟೇ ಒಂದು ಗೊಂಚಲು, ಕೆಳಗೆಲ್ಲ ಖಾಲಿ. ಯಂತ್ರಕ್ಕೆ ಎಲ್ಲ ಗೊತ್ತಿತ್ತು, ನಾನು ಎತ್ತರವೊಂದನ್ನೇ ಕೇಳಿದ್ದೆ. ಇಂಗ್ರಿಡ್ ಅವರನ್ನು ಕರೆದು ತೋರಿಸಿದೆ. ಅವರು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. ಆ ದಿನ ಇಬ್ಬರೂ ಊಟಕ್ಕೆ ಏಳಲಿಲ್ಲ. ಸಂಜೆಯ ಹೊತ್ತಿಗೆ ಹೊಸ ನಕ್ಷೆಯಲ್ಲಿ ಕೆಂಪು ಪಶ್ಚಿಮ ಬಿಟ್ಟು ಉತ್ತರಕ್ಕೆ ಬಂದಿತ್ತು. ನನಗೆ ಕುಣಿಯಬೇಕೆನಿಸಿತು.

ಭಾನುವಾರ ಗುನಿಲ್ಲಾಬಾಯಿಯ ಅಡುಗೆಮನೆಯಲ್ಲಿ ಎರಡೂ ನಕ್ಷೆಗಳನ್ನು ಹರವಿದೆವು. ನನ್ನ ಮೊದಲನೆಯದು ಯಾಕೆ ತಪ್ಪು ಎಂಬುದನ್ನು ನಾನೇ ಹೇಳಿದೆ. ಪಶ್ಚಿಮವನ್ನು ಮುಟ್ಟಬೇಡಿ, ಉತ್ತರದ ಸಪೂರ ಮರಗಳನ್ನು ಬಂಡೆಗಳಿರುವ ಜಾಗದ ತನಕ ಕಡಿಸಿ, ಬಂಡೆಯ ನಡುವೆ ಗಟ್ಟಿ ಬುಡದ ಪೈನ್ ಮರಗಳಿವೆ, ಅವು ತಡೆಯುತ್ತವೆ ಎಂದೆವು. ಅವರು ನನ್ನ ಕಡೆ ನೋಡದೆ ಸಾಹೇಬರನ್ನು ಕೇಳಿದರು, ಇಂಗ್ರಿಡ್ ಇಂಗ್ಲಿಷಿಗೆ ತಿರುಗಿಸಿದರು, ನಾನು ಕನ್ನಡಕ್ಕೆ: ಇದು ನಿಮ್ಮದೇ ಕಾಡಾಗಿದ್ದರೆ?

"ನನ್ನದಾಗಿದ್ರ ಇಷ್ಟು ಕೇಳ್ತಿರ್ಲಿಲ್ಲ. ಆವತ್ತಾ ಕಡಸ್ತಿದ್ದೆ," ಎಂದರು ಸಾಹೇಬರು.

ಗಾಳಿ

ಯಂತ್ರ ಬಂದು ಉತ್ತರದ ಮರಗಳನ್ನು ತೆಗೆದು ಹೋಯಿತು. ಒಂದು ಮರವನ್ನು ಹಿಡಿದು, ಕಡಿದು, ಕೊಂಬೆ ಸವರಿ, ತುಂಡರಿಸಿ ಇಡುವುದಕ್ಕೆ ಅದಕ್ಕೆ ನಾನು ವೀಳ್ಯದೆಲೆಗೆ ಸುಣ್ಣ ಹಚ್ಚುವಷ್ಟೂ ಹೊತ್ತು ಬೇಡ. ಅದಾಗಿ ನಾಲ್ಕನೆಯ ದಿನ ರೇಡಿಯೋದಲ್ಲಿ ಗಾಳಿಯ ಎಚ್ಚರಿಕೆ ಬಂತು. ಜನವರಿಯದರಷ್ಟು ದೊಡ್ಡದಲ್ಲ ಎಂದರು. ಆದರೂ ಅಂಗಡಿಯಲ್ಲಿ ಮೇಣದ ಬತ್ತಿ ಮುಗಿದುಹೋಯಿತು.

ಗುನಿಲ್ಲಾಬಾಯಿ ಒಬ್ಬರೇ ಇದ್ದಾರೆಂದು ನಾವಿಬ್ಬರೂ ಮಧ್ಯಾಹ್ನವೇ ಅಲ್ಲಿಗೆ ಹೋದೆವು. ಎರಡು ಗಂಟೆಗೆ ಶುರುವಾಯಿತು. ನಮ್ಮ ಕಡೆಯ ಗಾಳಿ ಗುಡುಗು, ಧೂಳು, ಆಲಿಕಲ್ಲು ಎಲ್ಲವನ್ನೂ ಕರೆದುಕೊಂಡು ಬಂದು ಗದ್ದಲ ಮಾಡಿ ಹೋಗುತ್ತದೆ. ಅಲ್ಲಿಯದು ಬೇರೆ ಯಾವ ಸದ್ದೂ ಇಲ್ಲದೆ ಒಂದೇ ಸಮನೆ ದಬ್ಬುತ್ತದೆ, ನಿಲ್ಲುವುದೇ ಇಲ್ಲ. ಮೊದಲ ಸಲ ಗುನಿಲ್ಲಾಬಾಯಿ ಕಿಟಕಿಯ ಕಡೆ ಮುಖ ಮಾಡಿ ಕೂತರು. ದೂರದಲ್ಲಿ ತೋಪು ಕಪ್ಪಗೆ ಓಲಾಡುತ್ತಿತ್ತು. ನಾನು ಮನಸ್ಸಿನಲ್ಲೇ ನಕ್ಷೆಯ ಬಣ್ಣಗಳನ್ನು ನೆನೆಯುತ್ತಿದ್ದೆ. ಭಯವೂ ಇತ್ತು. ಅದರ ಜೊತೆಗೆ, ಹೇಳಲು ನಾಚಿಕೆ, ಪರೀಕ್ಷೆಯ ಫಲಿತಾಂಶ ಕಾಯುವಂಥ ಒಂದು ಹುರುಪೂ ಇತ್ತು.

ನಾಲ್ಕೂವರೆಯ ಹೊತ್ತಿಗೆ ತೋಪಿನ ಒಳಗಿನಿಂದ ಲಟಲಟ ಎಂದು ಮುರಿಯುವ ಸದ್ದು ಕೇಳಿತು. ಗುನಿಲ್ಲಾಬಾಯಿ ಕಣ್ಣು ಮುಚ್ಚಿದರು. ಕರೆಂಟು ಹೋಯಿತು. ಸೂರ್ಯ ಮುಳುಗಿದ್ದರಿಂದ ಅವರು ಮೇಣದ ಬತ್ತಿ ಹಚ್ಚಿ ಸಾಹೇಬರ ಎದುರು ಒಂದು ಲೋಟ ನೀರು, ಮೂರು ಖರ್ಜೂರ ಇಟ್ಟರು. ಖರ್ಜೂರವನ್ನು ಯಾವಾಗ ತಂದಿಟ್ಟಿದ್ದರೋ ನಮಗೆ ಗೊತ್ತಿಲ್ಲ.

ಮರುದಿನ

ಬೆಳಕು ಹರಿಯುತ್ತಲೇ ಮೂವರೂ ಹೋದೆವು. ಗಾಳಿ ಪೂರಾ ನಿಂತಿತ್ತು. ಪಶ್ಚಿಮದ ಅಂಚು ಹಾಗೆಯೇ ನಿಂತಿತ್ತು, ಒಂದೂ ಮರ ಓರೆಯಾಗಿರಲಿಲ್ಲ. ನಾನು ಪಾಗಾರದ ಉದ್ದಕ್ಕೂ ಓಡಿದೆ. ಉತ್ತರದಲ್ಲಿ ಬಂಡೆಯ ನಡುವಿನ ಪೈನ್ ಮರಗಳೂ ನಿಂತಿದ್ದವು. ಸಾಹೇಬರು ಒಂದೊಂದು ಬುಡವನ್ನೂ ಕೈಯಿಂದ ತಟ್ಟುತ್ತ ಬಂದರು.

ಆದರೆ ಲಟಲಟ ಸದ್ದು ಸುಳ್ಳಾಗಿರಲಿಲ್ಲ. ತೋಪಿನ ನಡುವೆ, ನಾವು ಹಸಿರು ಬಳಿದಿದ್ದ ಜಾಗದಲ್ಲಿ, ಮೂವತ್ತರ ಹತ್ತಿರ ಮರಗಳು ಒಂದರ ಮೇಲೊಂದು ಮಲಗಿದ್ದವು. ಬೇರಿನ ಗಡ್ಡೆಗಳು ಗೋಡೆಗಳಂತೆ ಎದ್ದು ನಿಂತಿದ್ದವು. ಅವುಗಳ ಕೆಳಗೆ ಹೊಂಡ, ಹೊಂಡದಲ್ಲಿ ಕಪ್ಪು ನೀರು. ಹಳೆಯ ಕಾಲುವೆಯೊಂದು ಹೂಳು ತುಂಬಿ ಅಲ್ಲಿ ನೆಲವೆಲ್ಲ ಜೌಗಾಗಿತ್ತು. ಬೇರು ಗೇಣುದ್ದವೂ ಆಳಕ್ಕಿಳಿದಿರಲಿಲ್ಲ.

ಗುನಿಲ್ಲಾಬಾಯಿ ಒಂದು ಬಿದ್ದ ಕಾಂಡದ ಮೇಲೆ ಕೂತರು. ನನಗೆ ಅರ್ಥವಾಗುವಂತೆ ನಿಧಾನದ ಇಂಗ್ಲಿಷಿನಲ್ಲಿ ಕೇಳಿದರು, ಇದನ್ನು ನೀವು ಯಾಕೆ ನೋಡಲಿಲ್ಲ?

ಮಾದರಿಯ ಮಿತಿ, ದತ್ತಾಂಶದ ಕೊರತೆ ಎಂದೆಲ್ಲ ಹೇಳಬಹುದಿತ್ತು. ಕಾಲೇಜಿನಲ್ಲಾದರೆ ಹಾಗೇ ಹೇಳುತ್ತಿದ್ದೆನೇನೋ. ಲೇಸರ್ ನೆಲದ ತಗ್ಗನ್ನೂ ಅಳೆದಿತ್ತು, ಮರಗಳ ಮೇಲಿನ ಹೊಸ ಪತ್ತೆಯ ಖುಷಿಯಲ್ಲಿ ನಾನು ನೆಲದ ಪದರವನ್ನು ತೆರೆದೇ ನೋಡಲಿಲ್ಲ ಎಂದು ಇದ್ದದ್ದನ್ನೇ ಹೇಳಿದೆ. ಆಮೇಲೆ ಸಾಹೇಬರ ಕಡೆ ತಿರುಗಿ ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ. ಅವರು ನೆಲ ನೋಡುತ್ತಿದ್ದರು.

"ನಾ ಈ ಕಡೆ ಬರಲೇ ಇಲ್ರಿ ಬಾಯಿ," ಎಂದರು. "ಕಾಲು ತೊಯ್ತಾವಂತ ದೂರದಿಂದ ನೋಡಿ ಹೋದೆ. ತಪ್ಪು ನಂದ."

ನಾನು ಅದನ್ನು ಹಾಗೆಯೇ ಇಂಗ್ಲಿಷಿನಲ್ಲಿ ಹೇಳಿದೆ. ಗುನಿಲ್ಲಾಬಾಯಿ ಸಾಹೇಬರ ಕಾಲು ನೋಡಿದರು. ಇಲಾಖೆ ಕೊಟ್ಟ ಕ್ಯಾನ್ವಾಸ್ ಶೂ, ಹೆಬ್ಬೆರಳಿನ ಹತ್ತಿರ ತೂತು, ಆಗಲೇ ನೀರು ಕುಡಿದು ಕಪ್ಪಾಗಿತ್ತು. ಗುನಿಲ್ಲಾಬಾಯಿಯ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹತ್ತಿರ ಹೋದೆ. ಅವರು ನಗುತ್ತಿದ್ದರು. ಅಳುವೂ ಸ್ವಲ್ಪ ಇತ್ತೆಂದು ಕಾಣುತ್ತದೆ.

ಎದ್ದು ಮನೆಗೆ ಹೋಗಿ ಎರಡು ಜೊತೆ ರಬ್ಬರ್ ಬೂಟು ತಂದರು. ಸಾಹೇಬರಿಗೆ ಕೊಟ್ಟದ್ದು ತಮ್ಮ ತಂದೆಯದು, ಮೊಣಕಾಲಿನವರೆಗೆ ಬಂತು. ನನಗೆ ಕೊಟ್ಟದ್ದು ಎರಡು ಅಂಗುಲ ದೊಡ್ಡದು. ಆಮೇಲೆ ಕಡಿಸಬೇಕಾದ ಮರಕ್ಕೆ ಗುರುತು ಕಟ್ಟಲು ಒಂದು ಸುರುಳಿ ಕೆಂಪು ಪಟ್ಟಿ ಹಿಡಿದು ಅವರೇ ಮುಂದೆ ನಡೆದರು. ಹೂಳು ತುಂಬಿದ ಆ ಕಾಲುವೆಯನ್ನು ತಲೆಯಿಂದ ಬಾಲದವರೆಗೆ ಮೂವರೂ ತುಳಿದೆವು. ಸಾಹೇಬರು ನೂಕುವುದು, ನೆಲ ಎದ್ದರೆ ನಾನು ಕೂಗುವುದು, ಗುನಿಲ್ಲಾಬಾಯಿ ಪಟ್ಟಿ ಕಟ್ಟುವುದು. ನನ್ನ ಬೂಟು ಎರಡು ಸಲ ಕೆಸರಿನಲ್ಲೇ ಉಳಿದು ಕಾಲಷ್ಟೇ ಮೇಲೆ ಬಂತು. ಬೆಳಕು ಹೋಗುವಷ್ಟರಲ್ಲಿ ಇನ್ನೂ ಹನ್ನೊಂದು ಸಡಿಲ ಬೇರಿನ ಮರ ಸಿಕ್ಕಿದವು. ಹನ್ನೆರಡನೆಯದಕ್ಕೆ ಭುಜ ಕೊಡಲು ಸಾಹೇಬರು ಹೋದಾಗ ಗುನಿಲ್ಲಾಬಾಯಿ ತಡೆದು, ಪಟ್ಟಿಯ ಸುರುಳಿಯನ್ನು ಅವರ ಕೈಗಿಟ್ಟು, ತಾವೇ ಹೋಗಿ ನೂಕಿದರು.

ನೆಲ ಅಲುಗಲಿಲ್ಲ.